ಕಾಂಡ್ಲಾ ಕಾಡಿನ ಗಂಟು

ಓಸ್ಬರ್ಟ್ ನಕ್ಕಾಗಲೆಲ್ಲ ಅವನ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ಅವನ ಕೈಗೇ ಕೊಡಬೇಕೆನಿಸುತ್ತಿತ್ತು. ಆದರೂ ಐದು ತಿಂಗಳು ಅವನ ಬೋಟಿನಲ್ಲೇ ಕೂಲಿ ಮಾಡಿದೆ. ಬೇರೆ ಬೋಟು ಎಲ್ಲಿತ್ತು? ಜುಲೈ ಒಂದನೇ ತಾರೀಖು ಬೆರಿಲ್ ಬಂದು ಹೋದ ಮೇಲೆ ನಮ್ಮ ಕ್ಯಾರಿಯಾಕೂ ದ್ವೀಪದಲ್ಲಿ ಮನೆಗಳ ಮೇಲೆ ಸೂರು ಉಳಿಯಲಿಲ್ಲ, ಮರಗಳ ಮೇಲೆ ಎಲೆ ಉಳಿಯಲಿಲ್ಲ. ಮುಳುಗುಗಾರರನ್ನು ಹವಳದ ದಿಬ್ಬಕ್ಕೆ ಕರೆದೊಯ್ಯುತ್ತಿದ್ದ ಬೋಟುಗಳಲ್ಲಿ ಉಳಿದದ್ದು ಒಂದೇ ಒಂದು, ಓಸ್ಬರ್ಟನದು. ಬೆರಿಲ್ ಅಂತೆ! ಊರನ್ನೇ ಗುಡಿಸಿಕೊಂಡು ಹೋದ ಚಂಡಮಾರುತಕ್ಕೆ ಪ್ರಾಥಮಿಕ ಶಾಲೆಯ ಟೀಚರಮ್ಮನ ಹೆಸರು.

ನಾನು ವರ್ಲಿನ್. ನಲವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲೇ ಅನ್ನ ಹುಡುಕಿದವಳು. ನನ್ನ ಬೋಟಿಗೆ ಅಮ್ಮನ ಹೆಸರು, ಡೊರೀನ್. ವಿಂಡ್‌ವರ್ಡ್ ಹಳ್ಳಿಯ ದಡದಲ್ಲಿ ಅಪ್ಪ ಮೂರು ವರ್ಷ ಕೂತು ಕಟ್ಟಿದ್ದು. ನೀರಿಗಿಳಿಸಿದ ದಿನ ಹೋತ ಕಡಿದು, ಬೋಟಿನ ಮೂತಿಗೆ ರಮ್ ಸುರಿದು, ಊರಿಗೆ ಊರೇ ಹಗ್ಗ ಹಿಡಿದು ಎಳೆದಿತ್ತು. ಅಪ್ಪ ಹೋದ ಮೇಲೆ ಆ ಬೋಟೇ ನನಗೂ ಅಮ್ಮನಿಗೂ ಗಂಡಸಿನ ಸಂಪಾದನೆ.

ಚಂಡಮಾರುತದ ಸುದ್ದಿ ಬಂದರೆ ನಮ್ಮಲ್ಲಿ ಬೋಟುಗಳೆಲ್ಲ ಟಿರೆಲ್ ಬೇ ಕೊಲ್ಲಿಯ ಹಿಂದಿನ ಕಾಂಡ್ಲಾ ಕಾಡಿಗೆ ಹೋಗುತ್ತವೆ. ಅಜ್ಜಂದಿರ ಕಾಲದಿಂದಲೂ ಹೀಗೇ. ಉಪ್ಪುನೀರಿನ ಕಾಲುವೆಯಲ್ಲಿ ಒಳಗೊಳಗೆ ಹೋದರೆ ಕೊನೆಗೊಂದು ಮಡು ಸಿಗುತ್ತದೆ. ಸುತ್ತಲೂ ಬೇರುಗಳು ಒತ್ತಾಗಿ ನಿಂತಿರುವುದರಿಂದ ಅಲ್ಲಿಗೆ ಅಲೆ ಬರುವುದಿಲ್ಲ. ಕಾಡಿನ ಕಾನೂನು ಇಷ್ಟೇ: ಮೊದಲು ಬಂದವರಿಗೆ ಒಳಗಿನ ಮರ, ತಡವಾಗಿ ಬಂದವರಿಗೆ ಹೊರಗಿನ ಮರ, ಒಬ್ಬರು ಕಟ್ಟಿದ ಹಗ್ಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹೆಂಡತಿಯನ್ನು ಬಿಟ್ಟು ಓಡಿಹೋದವನನ್ನು ನಮ್ಮೂರು ಎರಡು ವರ್ಷದಲ್ಲಿ ಮರೆಯುತ್ತದೆ. ಕಾಡಿನಲ್ಲಿ ಹಗ್ಗ ಮುಟ್ಟಿದವನನ್ನು ಮರೆಯುವುದಿಲ್ಲ.

ಬೆರಿಲ್ ಬರುವ ಹಿಂದಿನ ದಿನ ಬೆಳಿಗ್ಗೆಯೇ ನಾನು ಮಡುವಿನಲ್ಲಿ ಜಾಗ ಮಾಡಿಕೊಂಡು ಡೊರೀನಳನ್ನು ಆರು ಹಗ್ಗಗಳಲ್ಲಿ ಬಿಗಿದು ಬಂದೆ. ಗಾಳಿ ನಿಂತ ಮೇಲೆ ಹೋಗಿ ನೋಡಿದರೆ ನನ್ನ ಮರಗಳ ನಡುವೆ ಓಸ್ಬರ್ಟನ ಬಿಳಿ ಬೋಟು, ಮೈಮೇಲೆ ಒಂದು ಗೀರೂ ಇಲ್ಲದೆ, ಮದುವಣಗಿತ್ತಿಯ ಹಾಗೆ ನಿಂತಿತ್ತು. ಡೊರೀನ್ ಕಾಲುವೆಯ ಬಾಯಲ್ಲಿ ಎರಡು ಹಾಯಿದೋಣಿಗಳ ಕೆಳಗೆ ಸಿಕ್ಕಿ ಚಕ್ಕೆ ಚಕ್ಕೆಯಾಗಿದ್ದಳು. ನೀರಿನ ಮೇಲೆ ಕಂಡದ್ದು ಅಪ್ಪ ಬರೆದ ಹೆಸರಿನ ಅರ್ಧ ಮಾತ್ರ.

"ನಿನ್ನ ಹಗ್ಗ ಸವೆದು ಹರಿದೋಯ್ತು ಸಿಸ್ಟರ್," ಎಂದು ಓಸ್ಬರ್ಟ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಸಂಜೆ ನಾನು ಬಂದಾಗ ಮಡು ಖಾಲಿ ಇತ್ತು. ಖಾಲಿ ಜಾಗ ಸಿಕ್ತು, ಕಟ್ಟಿದೆ. ಎಲ್ಲಾ ದೇವರ ಇಚ್ಛೆ."

ನಾನು ನಂಬಿದೆ. ಆ ಹೊತ್ತಿನಲ್ಲಿ ಯಾರು ಏನು ಹೇಳಿದ್ದರೂ ನಂಬುತ್ತಿದ್ದೆ.

ಆಮೇಲೆ ಅವನು ದೊಡ್ಡ ಮನುಷ್ಯನಾದ. ಪಕ್ಕದ ದೊಡ್ಡ ದ್ವೀಪದಿಂದ ಕುಡಿಯುವ ನೀರು, ಅಕ್ಕಿ, ಟಾರ್ಪಾಲು ತಂದ. ಕಾಲು ಮುರಿದವರನ್ನು, ಬಸುರಿಯರನ್ನು ಅಲ್ಲಿಯ ಆಸ್ಪತ್ರೆಗೆ ಒಯ್ದ. ಸುಳ್ಳು ಹೇಳಿ ನನಗೇನು ಲಾಭ? ತಂದದ್ದು ನಿಜ, ಒಯ್ದದ್ದು ನಿಜ. ಅವನು ತಂದ ನೀರನ್ನೇ ನನ್ನ ಅಮ್ಮನೂ ಕುಡಿದಳು. ಸೂರಿಲ್ಲದ ಇಗರ್ಜಿಯಲ್ಲಿ, ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗ, ಪಾದ್ರಿ ಕೈಯೆತ್ತಿ, "ದೇವರು ನಮಗೆ ಒಂದು ಬೋಟು ಉಳಿಸಿಕೊಟ್ಟ, ಅದನ್ನು ಯಾರ ಕೈಗೆ ಕೊಡಬೇಕೆಂದು ಅವನಿಗೆ ಗೊತ್ತಿತ್ತು" ಎಂದ. ಓಸ್ಬರ್ಟ್ ತಲೆ ತಗ್ಗಿಸಿ ಕೂತಿದ್ದ, ಹೊಸ ಮದುಮಗನ ಹಾಗೆ.

ಆಗಸ್ಟಿನಲ್ಲಿ ಕಾಡಿನ ಕಾಲುವೆ ತೆರವು ಮಾಡುವ ಕೆಲಸ ಬಂತು. ಮುಳುಗಿದ ದೋಣಿಗಳ ಹೊಟ್ಟೆಗೆ ಪಟ್ಟಿ ಸುತ್ತಿ, ಗಾಳಿ ತುಂಬುವ ಚೀಲ ಕಟ್ಟಿ ಮೇಲೆತ್ತಬೇಕು. ನೀರು ಕಾಫಿ ಕಷಾಯದ ಬಣ್ಣ. ತಳದಲ್ಲಿ ಕೈಯೇ ಕಣ್ಣು. ಹಾಗೆ ತಡಕಾಡುತ್ತಾ ಮಡುವಿನ ಅಂಚಿಗೆ ಬಂದಾಗ ಬೇರಿಗೆ ಸುತ್ತಿದ್ದ ನನ್ನದೇ ಹಗ್ಗ ಕೈಗೆ ಸಿಕ್ಕಿತು. ಗಂಟು ಕಟ್ಟಿದ ಹಾಗೇ ಇತ್ತು. ಗಂಟಿನಿಂದ ಒಂದು ಮೊಳ ಆಚೆಗೆ ಹಗ್ಗ ಇರಲಿಲ್ಲ.

ಸವೆದು ಹರಿದ ಹಗ್ಗದ ತುದಿ ಗೊತ್ತಲ್ಲ, ಎದ್ದ ಕೂಡಲೇ ಮುದುಕಿಯ ಕೂದಲು ಇರುವ ಹಾಗೆ, ಒಂದೆಳೆ ಉದ್ದ, ಒಂದೆಳೆ ಗಿಡ್ಡ. ಇದು ಹಾಗಿರಲಿಲ್ಲ. ಎಳೆಗಳೆಲ್ಲ ಒಂದೇ ಅಳತೆ. ನಾನು ಸಿಲಿಂಡರಿನಲ್ಲಿ ಗಾಳಿ ಮುಗಿಯುವವರೆಗೂ ಹುಡುಕಿದೆ. ಆರು ಹಗ್ಗಗಳಲ್ಲಿ ಐದು ಸಿಕ್ಕವು. ಐದೂ ಚಾಕುವಿನಲ್ಲಿ ಕತ್ತರಿಸಿದವು. ಬಿಚ್ಚಿ ಸೊಂಟದ ಚೀಲಕ್ಕೆ ತುರುಕಿಕೊಂಡೆ.

ಮೇಲೆ ಬಂದಾಗ ಓಸ್ಬರ್ಟ್ ಬೋಟಿನಿಂದ ಕೈ ಚಾಚಿದ. "ಏನಾಯ್ತು ಸಿಸ್ಟರ್, ದೆವ್ವ ಕಂಡೋಳ ಥರ ಇದ್ದೀಯ?"

"ಕೆಸರು, ಓಸಿ. ಬರೀ ಕೆಸರು," ಎಂದು ಅವನ ಕೈ ಹಿಡಿದೇ ಮೇಲೆ ಹತ್ತಿದೆ.

ಅವತ್ತೇ ಅವನ ಮುಖಕ್ಕೆ ಹಗ್ಗ ಎಸೆಯಬಹುದಿತ್ತು. ಕೋರ್ಟಿಗೆ ಹೋಗಬಹುದಿತ್ತು. ಕೋರ್ಟು ಏನು ಮಾಡುತ್ತದೆ? ನಾಲ್ಕು ವರ್ಷ ಎಳೆದು, ಒಂದು ಬೋಟಿನ ಬೆಲೆ ಕಟ್ಟಿಸುತ್ತದೆ. ಅವನು ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ನನಗೆ ಬೋಟಿನ ಬೆಲೆ ಬೇಕಿರಲಿಲ್ಲ, ಅವನ ಮಾನ ಬೇಕಿತ್ತು. ಕ್ಯಾರಿಯಾಕೂದಲ್ಲಿ ಮಾನ ತೆಗೆಯುವವರು ಕೋರ್ಟಿನವರಲ್ಲ, ಪರಾಂಗ್ ಹಾಡುವವರು.

ಕ್ರಿಸ್ಮಸ್ ಹತ್ತಿರ ಬಂದರೆ ಗಿಟಾರು, ಡೋಲು, ಗಿಲಕಿ ಹಿಡಿದ ಮೇಳಗಳು ಮನೆಮನೆಗೆ ಬರುತ್ತವೆ. ವರ್ಷವಿಡೀ ಯಾರು ಏನು ಮುಚ್ಚಿಟ್ಟರೋ ಅದನ್ನು ಅವರದೇ ಅಂಗಳದಲ್ಲಿ, ಅವರ ಹೆಸರು ಹಿಡಿದು ಹಾಡುತ್ತವೆ. ಹಾಡಿಸಿಕೊಂಡವರು ಸಿಟ್ಟಾಗಬಾರದು. ಹಂದಿಮಾಂಸದ ಹ್ಯಾಮು, ರಮ್ಮು, ಕರಿ ಕೇಕು ಕೊಟ್ಟು, ಮೇಳದ ಕೊನೆಯ ಮನುಷ್ಯ ಅಂಗಳ ದಾಟುವವರೆಗೆ ನಗುನಗುತ್ತಾ ನಿಂತಿರಬೇಕು. ಮುಖ ಸಿಂಡರಿಸಿದರೆ ಹೊಸ ವರ್ಷಕ್ಕೆ ಎರಡು ಚರಣ ಜಾಸ್ತಿ ಸೇರಿಸಿಕೊಂಡು ಮತ್ತೆ ಬರುತ್ತಾರೆ. ನಾನು ಹುಡುಗಿಯಾಗಿದ್ದಾಗ ಒಬ್ಬ ಪಕ್ಕದ ಮನೆಯ ಆಡು ಕದ್ದು ತಿಂದಿದ್ದ. ಅವನು ಸತ್ತು ಹದಿನೈದು ವರ್ಷವಾಯಿತು. ಅವನ ಮೊಮ್ಮಗಳು ಬಸ್ಸು ಹತ್ತಿದರೆ ಈಗಲೂ ಹಿಂದಿನ ಸೀಟಿನಲ್ಲಿ ಯಾರಾದರೂ ಮೇ ಎನ್ನುತ್ತಾರೆ. ಓಸ್ಬರ್ಟನಿಗೆ ಬೇಕಾದದ್ದು ಅಂಥದ್ದು.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಾನು ಅವನ ಬೋಟಿನಲ್ಲಿ ಹವಳದ ದಿಬ್ಬಕ್ಕೆ ಹೋದೆ. ಹವಳದ ಮೇಲೆ ಬಿದ್ದಿದ್ದ ತಗಡು, ಹಾಯಿ, ಫ್ರಿಜ್ಜು, ಒಂದು ಸಲ ಒಂದಿಡೀ ಪಿಯಾನೊ ಎತ್ತಿದೆ. ಮುರಿದ ಹವಳದ ಕೊಂಬೆಗಳನ್ನು ಆಯ್ದು ಸಿಮೆಂಟಿನಲ್ಲಿ ಕೂರಿಸಿದೆ. ಹೊರಗಿನಿಂದ ಮುಳುಗುಗಾರರು ಒಬ್ಬಿಬ್ಬರಾಗಿ ಬರತೊಡಗಿದ್ದರು. ಓಸ್ಬರ್ಟ್ ಅವರಿಗೆ ನನ್ನನ್ನು, "ಇವಳು ವರ್ಲಿನ್, ಪಾಪ ಎಲ್ಲಾ ಕಳ್ಕೊಂಡಳು, ನಾನೇ ಕೆಲಸ ಕೊಟ್ಟಿದ್ದೀನಿ" ಎಂದು ಪರಿಚಯಿಸುತ್ತಿದ್ದ. ನಾನು ತಲೆಯಾಡಿಸಿ ನೀರಿಗೆ ಧುಮುಕುತ್ತಿದ್ದೆ. ನೀರಿನೊಳಗೆ ಒಂದು ಸುಖವಿದೆ, ಎಷ್ಟು ಬೈದರೂ ಬರೀ ಗುಳ್ಳೆ ಬರುತ್ತದೆ.

ಡಿಸೆಂಬರಿನ ಮೊದಲ ವಾರ, ಊರಿಗೆಲ್ಲ ಟ್ಯಾಂಟಿ, ಅಂದರೆ ಚಿಕ್ಕಮ್ಮನಾದ ಯೂಲಾಳ ಹತ್ತಿರ ಹೋದೆ. ಯೂಲಾ ಟ್ಯಾಂಟಿ ಬೆಳಿಗ್ಗೆ ಬ್ರೆಡ್ಡು ಸುಡುತ್ತಾಳೆ, ಡಿಸೆಂಬರಿನಲ್ಲಿ ಜನರನ್ನು ಸುಡುತ್ತಾಳೆ. ದ್ವೀಪದ ಅತ್ಯಂತ ಹಳೆಯ ಮೇಳ ಅವಳದು. ಐದು ಹಗ್ಗದ ತುಂಡುಗಳನ್ನು ಅವಳ ಹಿಟ್ಟಿನ ಮೇಜಿನ ಮೇಲಿಟ್ಟೆ. ಅವಳು ಒಂದೊಂದನ್ನೂ ಎತ್ತಿ, ಬೆರಳಾಡಿಸಿ ನೋಡಿದಳು.

"ಅಯ್ಯೋ ಪಾಪಿ!" ಎಂದಳು. ಕಣ್ಣು ಮಾತ್ರ ಮಿನುಗುತ್ತಿತ್ತು. "ಇಷ್ಟು ಚಂದದ ಹಾಡು ಇಪ್ಪತ್ತು ವರ್ಷದಿಂದ ಸಿಕ್ಕಿರಲಿಲ್ಲ ಕಣೇ. ಆದ್ರೆ ಹಗ್ಗ ಕತ್ತರಿಸಿದ್ದಾರೆ ಅಂತ ಗೊತ್ತಾಯ್ತು, ಕತ್ತರಿಸಿದ್ದು ಅವನೇ ಅಂತ ಹಗ್ಗ ಹೇಳುತ್ತಾ?"

"ನಾನು ಹೇಳ್ತೀನಲ್ಲ ಟ್ಯಾಂಟಿ. ಜಾಗ ಸಿಕ್ಕಿದ್ದು ಅವನಿಗೇ ತಾನೆ?"

"ನೀನು ಹೇಳ್ತೀಯ, ನಿನ್ನ ಹೊಟ್ಟೆ ಉರೀತಿದೆ. ಒಬ್ಬರ ಬಾಯಿ ನಂಬಿ ನನ್ನ ಮೇಳ ಯಾರ ಹೆಸರೂ ಎತ್ತಲ್ಲ. ಕಣ್ಣಲ್ಲಿ ನೋಡಿದ ಇನ್ನೊಬ್ಬರನ್ನ ಕರ್ಕೊಂಡು ಬಾ. ಗಾಳಿ ಏಳೋ ಹೊತ್ತಿಗೆ ಸಿಮಿಯನ್ ಕಾಡಿನ ಕಡೆ ಹೋಗ್ತಿದ್ದ ಅಂತ ಯಾರೋ ಅಂದ್ರು. ಕೇಳು ಹೋಗು."

ಸಿಮಿಯನ್ ಅಂಕಲ್‌ಗೆ ಎಪ್ಪತ್ತು ದಾಟಿದೆ. ಬುಟ್ಟಿ ಮುಳುಗಿಸಿ ಮೀನು ಹಿಡಿಯುವವನು, ಮಾತು ಕಡಿಮೆ. ಯೂಲಾಳ ಮೇಳದಲ್ಲಿ ಮೂವತ್ತು ವರ್ಷದಿಂದ ಗಿಲಕಿ ಅಲ್ಲಾಡಿಸುತ್ತಾನೆ. ನಾನು ಹೋದಾಗ ಅವನು ಬಂಡೆಯ ಮೇಲೆ ಕೂತು ಗಾಳ ಹಾಕಿದ್ದ. ಪಕ್ಕದ ಡಬ್ಬಿಯಲ್ಲಿ ಬೆರಳುದ್ದದ ಎರಡು ಮೀನು ಇದ್ದವು.

"ಅಂಕಲ್, ಚಂಡಮಾರುತದ ಹಿಂದಿನ ಸಂಜೆ ನೀವು ಕಾಡಲ್ಲಿ ಇದ್ರಂತೆ?"

"ಇದ್ದೆ."

"ಓಸ್ಬರ್ಟನ್ನ ನೋಡಿದ್ರಾ?"

"ನೋಡಿದೆ. ಚಾಕು ತಗೊಂಡು ನಿನ್ನ ಹಗ್ಗ ಒಂದೊಂದಾಗಿ ಕತ್ತರಿಸಿದ. ನಾನು ಬೇರಿನ ಹಿಂದೆ ಇದ್ದೆ."

ಮೀನಿನ ಬೆಲೆ ಕೇಳಿದರೆ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟ. ನಾನು ಅವನ ಎದುರು ಕುಕ್ಕರಿಸಿದೆ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಯೂಲಾ ಟ್ಯಾಂಟಿ ಮುಂದೆ ಹೇಳ್ತೀರಾ?"

ಅವನು ಗಾಳ ಎಳೆದು, ಖಾಲಿ ಕೊಕ್ಕೆ ನೋಡಿ, ಮತ್ತೆ ಎಸೆದ. "ಹೇಳ್ತೀನಿ ಮಗಳೇ. ಆದ್ರೆ ಅವತ್ತು ನಾನು ನೋಡಿದ್ದನ್ನೆಲ್ಲ ಹೇಳ್ತೀನಿ. ಅರ್ಧ ನುಂಗಿ ಅರ್ಧ ಹೇಳೋನಲ್ಲ. ನಾನು ಕಾಡಿಗೆ ಹೋಗಿದ್ದು ಯಾಕೆ ಗೊತ್ತಾ? ನನ್ನ ದೋಣಿ 'ಮಿಸ್ ಐವಿ' ಮಡುವಲ್ಲಿ ಹೇಗಿದೆ ಅಂತ ನೋಡೋಕೆ. ನಸುಕಲ್ಲೇ ಕಟ್ಟಿ ಬಂದಿದ್ದೆ. ಹೋಗಿ ನೋಡಿದ್ರೆ ಮಡುವಲ್ಲಿ ಇಲ್ಲ, ಕಾಲುವೆ ಬಾಯಲ್ಲಿದೆ. ಕಟ್ಟಿದ ಗಂಟು ನನ್ನದಲ್ಲ. ನಿಮ್ಮಪ್ಪ ಕಲಿಸಿದ ಗಂಟು."

ಆ ಮಾತನ್ನು ನಾನು ಇಲ್ಲಿಯವರೆಗೆ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಹೇಳುವಂಥ ವಿಷಯವೆಂದೇ ಅನಿಸಿರಲಿಲ್ಲ. ಅವನದು ಹೆಂಡತಿಯ ಹೆಸರಿಟ್ಟ ಎರಡಾಳಿನ ಹಳೆಯ ದೋಣಿ. ಅಷ್ಟು ಆಳದ ಮಡು ಅದಕ್ಕೇಕೆ? ನನ್ನದು ಮೂವತ್ತು ಅಡಿ, ಒಳಗೆ ಗಾಳಿ ತುಂಬುವ ಯಂತ್ರ, ಹದಿನೆಂಟು ಸಿಲಿಂಡರು. ನಾನೇನು ಕತ್ತರಿಸಿದೆನೇ? ಗಂಟು ಬಿಚ್ಚಿ, ಸ್ವಲ್ಪ ಈಚೆಗೆ ಎಳೆದುಕೊಂಡು ಬಂದು, ಅವನು ಕಟ್ಟಿದ್ದಕ್ಕಿಂತ ಗಟ್ಟಿಯಾಗಿ ಕಟ್ಟಿದ್ದೆ. ಆ ದೋಣಿ ಆಮೇಲೆ ಏನಾಯಿತೆಂದು ಐದು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬಂಡೆಯ ಮೇಲೆ ಗಾಳ ಹಾಕಿ ಕೂತ ಮುದುಕನನ್ನು ದಿನಾ ನೋಡುತ್ತಿದ್ದೆ. ವಯಸ್ಸಾಯಿತು, ಕಡಲಿಗೆ ಹೋಗುವುದು ಬಿಟ್ಟನೆಂದುಕೊಂಡಿದ್ದೆ.

"ಅದೂ ಹಾಡಲ್ಲಿ ಬರುತ್ತಾ?" ಎಂದು ಕೇಳಿದೆ.

"ಯೂಲಾ ಕೇಳಿದ ಮೇಲೆ ಬಿಡ್ತಾಳಾ? ಬೇಡ ಅಂದ್ರೆ ಹೇಳು. ನಾನು ಏನೂ ನೋಡಿಲ್ಲ, ಅಷ್ಟೇ."

ಮೂರು ದಿನ ಅನ್ನ ರುಚಿಸಲಿಲ್ಲ. ಸುಮ್ಮನಿದ್ದರೆ ಓಸ್ಬರ್ಟ್ ಸಾಯುವವರೆಗೂ ದೇವರು ಆರಿಸಿದ ಮನುಷ್ಯನಾಗಿಯೇ ಇರುತ್ತಾನೆ, ನಾನು ಅವನ ಪಾಪದ ವರ್ಲಿನ್ ಆಗಿ ಇರುತ್ತೇನೆ. ಬಾಯಿ ಬಿಟ್ಟರೆ ನನ್ನ ಹೆಸರಿಗೂ ಒಂದು ಚರಣ. ನಾಲ್ಕನೇ ದಿನ ಓಸ್ಬರ್ಟ್ ಬೋಟಿನ ಮೇಲೆ, ಹೊರಗಿನ ಐದು ಜನರ ಮುಂದೆ, ಡೊರೀನಳ ಕಥೆ ಹೇಳಿದ. ಹಗ್ಗ ಹೇಗೆ ಸವೆದಿತ್ತು, ಹೆಂಗಸರು ಹಗ್ಗ ಬದಲಾಯಿಸುವುದರಲ್ಲಿ ಹೇಗೆ ಸೋಮಾರಿಗಳು ಎಂದೆಲ್ಲ. ನಾನು ಅವರ ಸಿಲಿಂಡರುಗಳ ಬಿಗಿ ನೋಡುತ್ತಿದ್ದೆ. ಅಲ್ಲೇ ತೀರ್ಮಾನವಾಯಿತು. ಅವನು ಮುಳುಗುವುದಾದರೆ ನಾನೂ ಒಂದಿಷ್ಟು ಉಪ್ಪುನೀರು ಕುಡಿಯಲು ತಯಾರು. ನನ್ನದೇನು ಮಹಾ? ಬಿಚ್ಚಿ ಕಟ್ಟಿದ್ದು. ಊರು ನಕ್ಕು ಬಿಡುತ್ತದೆ.

"ಹಾಡಿ," ಎಂದು ಯೂಲಾಗೆ ಹೇಳಿದೆ. "ಇಬ್ಬರದ್ದೂ ಹಾಡಿ."

"ಆಮೇಲೆ ಅಳಬಾರದು," ಎಂದಳು ಯೂಲಾ. ಸಿಮಿಯನ್ ಅಂಕಲ್ ಪಕ್ಕದಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಂಡದ್ದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದ.

ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಮೇಳ ಓಸ್ಬರ್ಟನ ಅಂಗಳಕ್ಕೆ ಬಂತು. ಹಿಂದೆ ನೂರು ಜನ. ಈ ವರ್ಷ ಯಾರ ಮನೆಗೂ ಬಾಗಿಲಿರಲಿಲ್ಲ, ಟಾರ್ಪಾಲು ಸರಿಸಿ ಹೊರಗೆ ಬರುವುದು. ಓಸ್ಬರ್ಟ್ ಕೆಂಪು ಅಂಗಿ ಹಾಕಿಕೊಂಡು ಬಂದ. ಅವನ ಹೆಂಡತಿ ಮಾರ್ವಾ ಹ್ಯಾಮಿನ ತಟ್ಟೆ ಹಿಡಿದು ಹಿಂದೆ ನಿಂತಳು. ತನ್ನನ್ನು ಹೊಗಳುವ ಹಾಡಿರಬೇಕೆಂದು ಅವನು ಆಗಲೇ ತಾಳಕ್ಕೆ ಕಾಲು ಕುಟ್ಟುತ್ತಿದ್ದ. ಯೂಲಾ ಗಿಟಾರು ಮೀಟಿದಳು.

"ಗಾಳಿಗೆ ಕೈಯಿಲ್ಲ, ಕೈಯಲ್ಲಿ ಚಾಕಿಲ್ಲ,
ಆರು ಹಗ್ಗ ಕೊಯ್ದೋರ್ಯಾರು, ಹೇಳೋ ಓಸಿ, ಹೇಳೋ!
ಮಡುವಲ್ಲಿ ಮಲಗಿದ್ದ ಡೊರೀನಳ ದಬ್ಬಿ
ಅವಳ್ಹಾಸಿಗೇಲಿ ಮಲಗ್ದೋರ್ಯಾರು, ಹೇಳೋ ಓಸಿ, ಹೇಳೋ!"

ಮೊದಲ ಸಲ ಜನ ಹಾಸಿಗೆಯ ಮಾತಿಗೆ ನಕ್ಕರು. ಎರಡನೇ ಸಲ ಹಾಡಿದಾಗ ಅರ್ಥವಾಯಿತು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ನಿಲ್ಲುತ್ತಾ ಬಂತು. ಓಸ್ಬರ್ಟನ ಕಾಲು ತಾಳ ತಪ್ಪಿತು. ಅವನು ಸುತ್ತ ನೋಡಿದ, ನನ್ನನ್ನು ನೋಡಿದ, ನನ್ನ ಮುಖದಲ್ಲಿ ಎಲ್ಲವನ್ನೂ ಓದಿಕೊಂಡ.

"ಹೌದೇನ್ರೀ?" ಎಂದಳು ಮಾರ್ವಾ, ಅಷ್ಟು ಜನರ ಮುಂದೆ.

ಅವನು ನಗಲು ಬಾಯಿ ತೆರೆದ. ನಗು ಬರಲಿಲ್ಲ. ಮಾರ್ವಾ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಮುಚ್ಚಿಕೊಳ್ಳಲು ಬಾಗಿಲಿಲ್ಲದ ಕಾರಣ ಅವಳು ಅಳುವುದು ಎಲ್ಲರಿಗೂ ಕೇಳಿಸಿತು. ಅವನ ಬೋಟಿನ ಇಬ್ಬರು ಆಳುಗಳು ಟೋಪಿ ತೆಗೆದುಕೊಂಡು ಹೊರಟುಹೋದರು. ಅವನು ಮಾತ್ರ ಕೆಂಪು ಅಂಗಿಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ನನಗೆ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ, ಐದು ತಿಂಗಳಲ್ಲಿ ಮೊದಲ ಸಲ ಎದೆ ತುಂಬ ಉಸಿರಾಡಿದೆ. ಅವನ ಆ ಮುಖವನ್ನು ನೋಡಲು ಇನ್ನೊಂದು ಬೋಟು ಕೊಡಬೇಕಿದ್ದರೂ ಕೊಡುತ್ತಿದ್ದೆ.

ಅಲ್ಲಿಂದ ಮೇಳ ನಮ್ಮ ಮನೆಗೆ ತಿರುಗಿತು. ನಾನು ಮುಂದಾಗಿ ಓಡಿ, ಟಾರ್ಪಾಲಿನ ಕೆಳಗೆ ಹ್ಯಾಮು, ಕರಿ ಕೇಕು, ಮಂಜುಗಡ್ಡೆಯೂ ಮುಳುಗಿ ತಳ ಸೇರುವಂಥ ನಮ್ಮ ಖಡಕ್ ರಮ್ಮು ಇಟ್ಟೆ. ಅಮ್ಮನನ್ನು ಕುರ್ಚಿಯಲ್ಲಿ ಹೊರಗೆ ಕೂರಿಸಿದೆ. ಅವಳಿಗೆ ಎಂಬತ್ತೆರಡು, ಕಣ್ಣು ಮಂಜು, ಕಿವಿ ಚುರುಕು. ಅವಳಿಗೆ ನಾನೇನೂ ಹೇಳಿರಲಿಲ್ಲ. ಗಿಟಾರಿನ ಸದ್ದಿಗೇ ಚಪ್ಪಾಳೆ ಶುರು ಮಾಡಿದಳು.

"ಮುದುಕನ ಗಂಟು ಸಡಿಲಾಯ್ತು ಅಂತ
ಬಿಚ್ಚಿ ದೂರ ಕಟ್ದೋರ್ಯಾರು, ಹೇಳೇ ವರ್ಲಿನ್, ಹೇಳೇ!
ಐವಿಯಮ್ಮನ ಬಾಣಲೆ ಒಣಗಿ ಕೂತದೆ,
ಅವಳ ಮೀನು ತಿಂದೋರ್ಯಾರು, ಹೇಳೇ ವರ್ಲಿನ್, ಹೇಳೇ!"

ನಾನು ಊರಿನ ನಗುವಿಗೆ ಕಾದೆ. ನನ್ನ ಲೆಕ್ಕ ತಪ್ಪಾಗಿತ್ತು. ಓಸ್ಬರ್ಟನ ಅಂಗಳದಲ್ಲಿ ನಗು ಶುರುವಾಗಿ ನಿಂತಿತ್ತು. ಇಲ್ಲಿ ಶುರುವೇ ಆಗಲಿಲ್ಲ. ಕದ್ದ ಜಾಗದಲ್ಲಿ ಉಳಿದ ಅವನ ಬೋಟು ಕೊನೆಗೆ ನೀರನ್ನಾದರೂ ತಂದಿತ್ತು. ನಾನು ಕದ್ದ ಜಾಗದಿಂದ ಯಾರಿಗೆ ಏನು ಬಂತು? ಗುಂಪಿನ ಹಿಂದೆ ಐವಿಯಮ್ಮ ನಿಂತಿದ್ದಳು, ತೊಳೆದು ತೊಳೆದು ಬಿಳಿಚಿದ ಹೂವಿನ ಫ್ರಾಕಿನಲ್ಲಿ. ಅವಳು ಎಷ್ಟು ಸಣ್ಣಗಾಗಿದ್ದಾಳೆಂದು ನಾನು ನೋಡಿದ್ದು ಆಗಲೇ.

ಅಮ್ಮನ ಚಪ್ಪಾಳೆ ನಿಂತಿತು. "ಯಾವ ವರ್ಲಿನ್ ಅದು?" ಎಂದು ಪಕ್ಕದವರನ್ನು ಕೇಳಿದಳು. "ನಮ್ಮೋಳಾ?"

ನಾನು ನಕ್ಕೆ. ನಗಬೇಕಲ್ಲ. ತಟ್ಟೆಗಳನ್ನು ತುಂಬಿ ಒಬ್ಬೊಬ್ಬರಿಗೂ ಕೊಟ್ಟೆ. ಯೂಲಾ ಟ್ಯಾಂಟಿ ಎರಡು ತುತ್ತು ತಿಂದು, ನನ್ನ ಕೆನ್ನೆ ತಟ್ಟಿ, ಗಿಟಾರು ಹೆಗಲಿಗೇರಿಸಿದಳು. ಡೋಲಿನವರು ಹೋದರು, ಜನ ಕರಗಿದರು. ಸಿಮಿಯನ್ ಅಂಕಲ್ ಮಾತ್ರ ಗಿಲಕಿಯನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಸರಿಯಾಗಿ ಕೂತು, ಹ್ಯಾಮನ್ನು ಸಣ್ಣ ಸಣ್ಣ ತುಂಡು ಮಾಡಿ ತಿನ್ನುತ್ತಿದ್ದ. ಎದುರಿಗೆ ಅಮ್ಮ ನನ್ನ ಕಡೆ ಮುಖ ಮಾಡಿ ಕೂತಿದ್ದಳು.

ನಗುಮುಖದಲ್ಲೇ, ಹಲ್ಲಿನ ಸಂದಿಯಿಂದ ಕೇಳಿದೆ: "ಐದು ತಿಂಗಳು ಬಾಯಿ ಹೊಲ್ಕೊಂಡು ಕೂತಿದ್ರಲ್ಲ ಅಂಕಲ್. ಓಸ್ಬರ್ಟ್ ಅಂದ್ರೆ ಭಯಾನಾ? ಇಲ್ಲ ಅವನ ಅಕ್ಕಿ ತಿಂದ ಋಣಾನಾ?"

"ಓಸ್ಬರ್ಟ್ ನನಗೇನು ಮಾಡಿದ್ದಾನೆ?" ಎಂದ ಮುದುಕ. "ಅವನ ಹತ್ರ ಜಗಳ ನಿನ್ನದು. ನನ್ನದು ನಿನ್ನ ಹತ್ರ ಇತ್ತು. ನೀನಾಗೇ ಬಂದು ಹಾಡಿ ಅಂತ ಕೇಳೋದನ್ನ ಕಾಯ್ತಾ ಕೂತಿದ್ದೆ." ಅವನು ತಟ್ಟೆ ನನ್ನ ಕಡೆ ನೂಕಿದ. "ಹ್ಯಾಮು ಚೆನ್ನಾಗಿ ಬೆಂದಿದೆ. ಇನ್ನೊಂದು ತುಂಡು ಹಾಕಮ್ಮ. ಐವೀನೂ ಕರಿ, ಅವಳಿಗೂ ಒಂದು ತಟ್ಟೆ ಹಾಕು."

ಹಾಕಿದೆ. ಐವಿಯಮ್ಮ ಬಂದು ಅವನ ಪಕ್ಕ ಕೂತಳು, ನನ್ನ ಮುಖ ನೋಡದೆ ತಟ್ಟೆ ತೆಗೆದುಕೊಂಡಳು. ಮೇಳದ ಕೊನೆಯ ಮನುಷ್ಯ ಅಂಗಳ ದಾಟುವವರೆಗೆ ನಾನು ನಗುತ್ತಲೇ ನಿಂತಿರಬೇಕಿತ್ತು, ಮತ್ತು ಅವನಿಗೆ ಯಾವ ಅವಸರವೂ ಇರಲಿಲ್ಲ.